ಎಡಗಡೆ ಒತ್ತು ಸಾಕು

...ಅಲ್ಲ ಕಣೇ, ಟಾರ್ಚು ಹಿಡಿಯೋದು ಗಾಡಿಗೆ, ನನ್ನ ಮುಖಕ್ಕಲ್ಲ. ಹೀಗೆ ಮೆಟ್ಟಿಲ ಕೆಳಗೆ ತಂದು ನಿಲ್ಲಿಸಿದ್ರೆ ಹಗಲಲ್ಲೂ ಏನೂ ಕಾಣಲ್ಲ. ಹಾಂ, ಇಲ್ಲಿ, ಹಿಂದಿನ ಮಡ್‌ಗಾರ್ಡ್ ಹತ್ರ. ನೋಡು, ಹೆಂಗೆ ನುಜ್ಜುಗುಜ್ಜಾಗಿದೆ. ವ್ಯಾನು ಹಿಂದಿನಿಂದ ಬಂದು ಗುದ್ದೋದು ಅಂದ್ರೆ ಸುಮ್ನೇನಾ? ನಿನ್ನ ಗಂಡನ ಕಾಲು ಮುರಿದು ಅಷ್ಟಕ್ಕೇ ಮುಗೀತಲ್ಲ, ಅದೇ ಪುಣ್ಯ.

ಏನು, ಇಷ್ಟು ಅವಸರ ಯಾಕೆ ಅಂತಾನಾ? ಹೇಳಿದ್ನಲ್ಲ, ಸಾಯಂಕಾಲ ಗ್ಯಾರೇಜಿನವನು ಬಂದು ಗಾಡಿ ತಗೊಂಡು ಹೋಗ್ತಾನೆ. ಅಷ್ಟರೊಳಗೆ ಈ ಎಲ್ಇಡಿ, ಈ ವೈರು ಎಲ್ಲ ಕಿತ್ತು ಹಳೇ ಬಲ್ಬುಗಳನ್ನೇ ಹಾಕಿಬಿಡ್ತೀನಿ. ನಾನು ಕೈಯಾರೆ ಕೂರಿಸಿದ ಸಾಮಾನು ಕಣೇ. ಯಾವನೋ ಬಂದು ಕೆದಕಲಿ ಅಂತ ಬಿಡಕ್ಕಾಗುತ್ತಾ? ಆ ಗ್ರೀಸು ಕೈಯವರಿಗೆ ವೈರಿಂಗ್ ಅಂದ್ರೆ ಏನು ಗೊತ್ತು?

ಯಾಕೆ ಹಾಗೆ ನೋಡ್ತೀಯ? ಈ ಊರಲ್ಲಿ ಅರ್ಧ ಮನೆಗಳಿಗೆ ಕರೆಂಟು ಎಳೆದಿರೋನು ನಿಮ್ಮಣ್ಣ. ಮೂರಂತಸ್ತಿನ ಬಂಗಲೆ ವೈರಿಂಗ್ ಮಾಡಿದೋನಿಗೆ ಒಂದು ಮೋಟಾರ್ ಸೈಕಲ್ ಏನು ಮಹಾ? ಒಂದು ಬ್ಯಾಟರಿ, ಒಂದು ಹಿಡಿ ವೈರು. ಮಕ್ಕಳಾಟ. ನಿನ್ನ ಗಂಡ ಹೊಸ ಲೈಟು ತಂದಿಟ್ಕೊಂಡು ಗ್ಯಾರೇಜಿಗೆ ಕೊಡ್ತೀನಿ ಅಂತ ಹೊರಟಿದ್ದ. ನಾನೇ ಬೈದು ನಿಲ್ಲಿಸ್ದೆ. ಮನೇಲಿ ನಾನಿರುವಾಗ ಗ್ಯಾರೇಜ್ ಯಾಕೆ?

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ, ನೋಡಬೇಕಿತ್ತು ನೀನು. ಸ್ಕ್ರೂ ಡ್ರೈವರ್ ಕೊಡು ಅಂದ್ರೆ ಕಟಿಂಗ್ ಪ್ಲೇಯರ್ ಕೊಡ್ತಾನೆ. ಎಲ್ಇಡಿ ಕರೆಂಟು ಕಡಿಮೆ ತಗೊಳ್ಳುತ್ತೆ, ಮಿಣುಕಿಸೋ ಆ ಹಳೇ ಫ್ಲ್ಯಾಶರ್ ಹಾಗೇ ಬಿಟ್ರೆ ಇಂಡಿಕೇಟರ್ ಹುಚ್ಚು ಹಿಡಿದ ಹಾಗೆ ಪಟಪಟ ಅನ್ನುತ್ತೆ, ಅದಕ್ಕೆ ಅದನ್ನೂ ಬದಲಾಯಿಸ್ತಿದೀನಿ ಅಂತ ಬಿಡಿಸಿ ಹೇಳಿದೆ. ಹೌದಾ ಭಾವ, ಹೌದಾ ಭಾವ. ಅಷ್ಟೇ. ಎಲ್ಲ ಮುಗಿದು ಎಡಗಡೆ ಸಿಗ್ನಲ್ ಹಾಕಿ ತೋರಿಸಿದ್ರೆ ಏನಂತಾನೆ ಗೊತ್ತಾ? ಬಲಗಡೇನೂ ಒಂದ್ಸಲ ನೋಡಿಬಿಡೋಣ್ವಾ ಭಾವ, ಅಂತಾನೆ. ನನಗೇ ಪರೀಕ್ಷೆ! ಎಡಗಡೆ ಉರಿದ್ರೆ ಬಲಗಡೆ ಉರಿಯಲ್ವೇನಪ್ಪಾ, ಎರಡೂ ಒಂದೇ ಕೈ ಮಾಡಿದ ಕೆಲಸ ಅಂದೆ. ಸರಿ ಭಾವ ಅಂದ. ಗಾಡಿ ತಗೊಂಡು ಹೋದ. ಹೋಗಿ ಅದೇ ಸಾಯಂಕಾಲ ಗುದ್ದಿಸ್ಕೊಂಡು ಬಿದ್ದ.

ಟಾರ್ಚು ಗಾಡಿ ಕಡೆಗೆ ಇರಲಿ. ನೆಟ್ಟಗೆ ಹಿಡಿ.

ಚಪ್ಪಲಿ ಹಾಕ್ಕೊಳ್ಳುವಾಗಲೂ ಎಡ ಯಾವುದು ಬಲ ಯಾವುದು ಅಂತ ಯೋಚನೆ ಮಾಡೋ ಆಸಾಮಿ ಅವನು. ಬೀದಿಯವರೆಲ್ಲ ನಿಧಾನಪ್ಪ ಅಂತ ಸುಮ್ಸುಮ್ನೆ ಕರೀತಾರಾ? ಇಂಥೋನ ಕೈಗೆ ಶಾಲೆ ಬಸ್ಸು ಕೊಟ್ಟು, ಅದರ ತುಂಬ ಮಕ್ಕಳನ್ನ ಕೂರಿಸಿದ್ರಲ್ಲ, ಅವರ ಧೈರ್ಯ ಮೆಚ್ಚಬೇಕು. ಇಷ್ಟು ವರ್ಷ ಒಂದು ಗೀಟೂ ಬೀಳಿಸಿಲ್ಲ ಅಂತೀಯಾ? ನಡೆಯೋಕಿಂತ ನಿಧಾನ ಓಡಿಸಿದ್ರೆ ಗೀಟು ಎಲ್ಲಿಂದ ಬೀಳುತ್ತೆ?

ಆಸ್ಪತ್ರೆ ಮಂಚದ ಮೇಲೂ ಅದೇ ರಾಗ. ಸಿಗ್ನಲ್ ಹಾಕಿದ್ದೆ ಭಾವ, ಬಲಗಡೆ ಸಿಗ್ನಲ್ ಹಾಕಿಯೇ ತಿರುಗಿಸ್ದೆ ಭಾವ. ಹಾಕಿದ್ರೆ ವ್ಯಾನಿನವನಿಗೆ ಕಾಣ್ತಿರಲಿಲ್ವಾ? ಅವನು ಪೊಲೀಸರ ಮುಂದೆ ನೆಟ್ಟಗೆ ಹೇಳಿದ, ಗಾಡಿ ಹಿಂದೆ ಒಂದು ದೀಪಾನೂ ಇರಲಿಲ್ಲ, ಬ್ರೇಕ್ ಲೈಟೂ ಇಲ್ಲ, ಮಬ್ಬುಗತ್ತಲಲ್ಲಿ ಎಮ್ಮೆ ಅಡ್ಡ ಬಂದ ಹಾಗೆ ಬಂದ ಅಂತ. ನಾನೇ ಪಕ್ಕದಲ್ಲಿ ಕೂತು ಬುದ್ಧಿ ಹೇಳಿದೆ. ಜ್ಞಾಪಿಸ್ಕೋ, ನೀನು ಹಾಕಿರಲ್ಲ, ಮರೆತಿರ್ತೀಯ ಅಂತ. ಮೊದಮೊದಲು ಹಾಕಿದ್ದೆ ಹಾಕಿದ್ದೆ ಅಂತಿದ್ದ. ಆಮೇಲೆ, ಹಾಕಿದ್ನೋ ಇಲ್ವೋ ಅಂದ. ಈಗ ನೋಡು, ಮರೆತಿದ್ದೆ ಅಂತ ಅವನಿಗೇ ಖಾತ್ರಿ. ನಾಳೆ ಶಾಲೆಗೆ ಹೋಗಿ ತಪ್ಪು ನನ್ನದೇ ಅಂತ ಹೇಳಿಬಿಡ್ತಾನಂತೆ. ಮಕ್ಕಳ ಬಸ್ಸು ಇನ್ನು ಮುಟ್ಟಲ್ಲ, ಬೇಕಾದ್ರೆ ಗೇಟು ಕಾಯ್ತೀನಿ ಅಂತಾನೆ. ಕಾಯಲಿ ಬಿಡು. ಗೇಟು ಎಲ್ಲಿಗೂ ತಿರುಗಬೇಕಾಗಿಲ್ಲ.

ನಗು ಬರಲಿಲ್ವಾ? ಅಳ್ತಿದೀಯಾ? ಅಯ್ಯೋ, ನೀನೇ ಅಲ್ವಾ ಅವನಿಗೆ ಹೆಚ್ಚು ಬೈದಿದ್ದು? ನನ್ನ ಮಾತು ನಂಬಿ ತಾನೇ ಬೈದೆ? ಸರಿಯಾಗೇ ಬೈದೆ ಬಿಡು.

ಏ, ಕೀ ಯಾಕೆ ತಂದೆ? ಬಿಚ್ಚೋಕೆ ಕೀ ಬೇಕಾಗಿಲ್ಲ. ಓ, ಉರೀತಿತ್ತೋ ಇಲ್ವೋ ಅಂತ ನೋಡಬೇಕಾ? ನನ್ನ ಕೆಲಸದ ಮೇಲೆ ಅನುಮಾನ. ಹಾಕು, ಹಾಕಿ ನೋಡು, ನಿನ್ನ ಕಣ್ಣಾರೆ ನೋಡು. ಎಡಗಡೆ ಒತ್ತು ಸಾಕು. ನೋಡಿದ್ಯಾ? ಗೋಡೆ ಮೇಲೆಲ್ಲ ಹಳದಿ ಹೆಂಗೆ ಹೊಡೀತಿದೆ! ಇಷ್ಟು ಗುದ್ದು ತಿಂದ್ರೂ ಒಂದು ಜಾಯಿಂಟ್ ಸಡಿಲ ಆಗಿಲ್ಲ. ಅದು ಕೆಲಸ ಅಂದ್ರೆ. ಸಾಕು, ಆಫ್ ಮಾಡು.

ಬಲಗಡೆ ಬೇಡ. ಹಿಂದಿನದು ಮುರಿದುಹೋಗಿದೆ, ಅದರಲ್ಲೇನು ನೋಡ್ತೀಯ? ಮುಂದಿನದು ಇದ್ರೆ ಇರಲಿ. ಬೇಡ ಅಂದೆ ತಾನೇ. ಕೈ ತೆಗಿ. ಕೈ...

ಹೋಯ್ತು ನೋಡು. ಎಲ್ಲ ಹೋಯ್ತು. ಹೇಳಿದ ಮಾತು ಕೇಳೋದಿಲ್ಲ ನೀನು. ಬ್ಯಾಟರಿ ಇಳಿದಿರಬೇಕು, ನಿಂತ ಗಾಡಿ ಅಲ್ವಾ... ಆ ಬ್ರೇಕು ಎಷ್ಟು ಸಲ ಒತ್ತಿದ್ರೂ ಹಿಂದಿನ ದೀಪ ಬರಲ್ಲ. ಬಿಡು, ಆಟ ಆಡಬೇಡ. ಮತ್ತೆ ಫ್ಯೂಸು ಹೋಗಿರುತ್ತೆ, ಅಷ್ಟೆ.

ಏನು? ಮತ್ತೆ ಅಂದ್ನಾ? ಮಾತಿಗೆ ಅಂದೆ ಕಣೇ.

ಟಾರ್ಚು ನನ್ನ ಮುಖಕ್ಕೆ ಬಿಡಬೇಡ ಅಂತ ಆಗಲೇ ಹೇಳಿದೆ.

ಸರಿ. ಆವತ್ತೂ ಹೋಗಿತ್ತು. ಪೊಲೀಸ್ ಸ್ಟೇಷನ್ನಿಂದ ಗಾಡಿ ತಳ್ಳಿಕೊಂಡು ಬಂದು ಸೀಟು ಎತ್ತಿ ನೋಡಿದೆ, ಫ್ಯೂಸು ಸುಟ್ಟಿತ್ತು, ಹೊಸದು ಹಾಕ್ದೆ. ಬಿದ್ದ ಗಾಡೀಲಿ ನೂರೆಂಟು ಆಗಿರುತ್ತೆ. ಅದನ್ನೆಲ್ಲ ನಿನಗೆ ಬಂದು ವರದಿ ಒಪ್ಪಿಸಬೇಕಾ? ಏನು ತೋರಿಸ್ತಿದೀಯ? ಹಸಿರು ವೈರಾ? ಅದು ಅರ್ಥಿಂಗು. ಹಸಿರು ಅಂದ್ರೆ ಅರ್ಥಿಂಗು. ಯಾವ ಮನೆ ಗೋಡೆ ಬೇಕಾದ್ರೂ ಒಡೆದು ನೋಡು, ಹಸಿರು ನೆಲಕ್ಕೇ ಹೋಗೋದು. ಜೀವಮಾನವಿಡೀ ಹಾಗೇ ಕಟ್ಟಿದೀನಿ, ಇಲ್ಲೂ ಹಾಗೇ ತಗೊಂಡು ಗಾಡಿಯ ಕಬ್ಬಿಣದ ಮೈಗೆ ಕಟ್ಟಿದೆ. ಗಾಡಿ ಮಾಡಿದ ಪುಣ್ಯಾತ್ಮ ಹಸಿರನ್ನ ಬಲಗಡೆ ಸಿಗ್ನಲ್‌ಗೆ ಕೊಟ್ಟು, ಬಲಗಡೆ ಒತ್ತಿದ ಕೂಡ್ಲೇ ಶಾರ್ಟ್ ಆಗಿ ಫ್ಯೂಸು ಹೋದ್ರೆ ಅದು ನನ್ನ ತಪ್ಪಾ? ಯಾರಾದ್ರೂ ಹಸಿರು ವೈರಲ್ಲಿ ಕರೆಂಟು ಬಿಡ್ತಾರಾ? ಬುದ್ಧಿ ಇರೋರು ಬಿಡ್ತಾರಾ?

ಬೈಯಬೇಕಾದ್ರೆ ಬೈಯಿ. ಕೀ ಯಾಕೆ ತೆಗೀತಿದೀಯ?

ಕೀ ಕೊಡು ಇಲ್ಲಿ. ನಿಂತ್ಕೊಳ್ಳೇ, ಎಲ್ಲಿಗೆ ಹೊರಟೆ? ಒಳಗೆ ಅವನು ಮಲಗಿದ್ದಾನೆ, ಎಬ್ಬಿಸಬೇಡ. ಕಾಲು ನೋವು ಅಂತ ಈಗಷ್ಟೇ ಕಣ್ಣು ಮುಚ್ಚಿದ್ದಾನೆ ಅಂದೆಯಲ್ಲ. ಕೇಳು, ನಾಳೆ ನಾನೂ ಅವನ ಜೊತೆ ಶಾಲೆಗೆ ಹೋಗ್ತೀನಿ. ಏನಾದ್ರೂ ಹೇಳಿ ಒಪ್ಪಿಸ್ತೀನಿ. ದಾರೀಲಿ ಏನೋ ಅಡ್ಡ ಬಂತು ಅಂತ... ಇದೊಂದು ಬಿಟ್ಟು ಏನು ಬೇಕಾದ್ರೂ ಹೇಳ್ತೀನಿ. ನನಗೆ ಈ ಊರಲ್ಲಿ ನಾಳೆ ಯಾರು ಕೆಲಸ ಕೊಡ್ತಾರೆ ಯೋಚನೆ ಮಾಡು. ನಿಮ್ಮಣ್ಣ ಕಣೇ ನಾನು...

ಎಬ್ಬಿಸಿ ಕರ್ಕೊಂಡೇ ಬಂದ್ಯಾ? ಬನ್ನಿ ಭಾವ. ಹುಷಾರು, ಹೊಸ್ತಿಲು ಇದೆ. ಏನಿಲ್ಲ, ಸುಮ್ನೆ ನೋಡ್ತಿದ್ವಿ. ಇವಳಿಗೇನೋ ಆಗಿದೆ, ನನ್ನ ಚೀಲ ಕೆದಕಿ ಫ್ಯೂಸು ತೆಗೆದು ತಾನೇ ಹಾಕ್ತಿದ್ದಾಳೆ ನೋಡಿ. ನೀವು ಕೂತ್ಕೊಳ್ಳಿ, ಕಾಲಿಗೆ ಭಾರ ಬಿಡಬೇಡಿ. ಅವಳು ಹೇಳಿದಳು ಅಂತ ಹ್ಯಾಂಡಲ್ ಹಿಡ್ಕೋಬೇಡಿ. ಬೆರಳು ತೆಗೀರಿ ಭಾವ. ನಿಮಗೆ ನೋಡೋದೇನಿದೆ ಅದರಲ್ಲಿ?

ನೀವು ಹಾಕಿದ್ರಿ. ಆವತ್ತು ನೀವು ಸಿಗ್ನಲ್ ಹಾಕಿದ್ರಿ ಭಾವ, ನನಗೆ ಗೊತ್ತು. ಒತ್ತಬೇಡಿ.