ಲೈನ್ ಕಟ್ಟಾದದ್ದು

ಅಯ್ಯ, ಆಕಿಗ್ಯಾಕ ಬೈಯಾಕತ್ತೀ ಶಿವಕಾಂತಾ? ಆಕಿ ಹೆಣ್ಮಗಳಲ್ಲ ಬೇ, ಟೇಪು! "ಈ ಮಾರ್ಗದ ಎಲ್ಲಾ ಲೈನುಗಳು ಕಾರ್ಯನಿರತವಾಗಿವೆ" ಅಂತ ದಿನಾ ಅದನ್ನೇ ಅಂತಾಳ. ನೀ "ನಮ್ಮ ಮನಿಯವ್ರನ್ನ ಕರೀರಿ ಬಾಯಾರ" ಅಂದ್ರ ಕರೀತಾಳೇನು? ನಗಬಾರದಂದ್ರೂ ನಗು ಬರ್ತದ...

ಇಲ್ಲಿ ಕೊಡು. ಗುಂಡಿ ಹಂಗ ಒತ್ತಬಾರದು, ರೊಟ್ಟಿ ಹಿಟ್ಟಲ್ಲ ಅದು. ಮೆಲ್ಲಕ... ಮೆಲ್ಲಕ!

ಏನು? ಹಾಂ, ಖರೇ, ಆಕಿ ಜಾಗಾದಾಗ ಮೊದಲ ನಾನಿದ್ದೆ. ಹದಿನಾರು ವರ್ಷ ಊರಿನ ಎಕ್ಸ್‌ಚೇಂಜಿನ್ಯಾಗ ಕುಂತು ಒಬ್ಬರ ವೈರ್ ಇನ್ನೊಬ್ಬರಿಗೆ ಸಿಗಿಸಿದಾಕಿ. "ನಜಮುನ್ನಿಸಾ ಆಪಾ, ಸೊಲ್ಲಾಪುರ ಹಚ್ಚು" ಅಂದ್ರ ಸಾಕಿತ್ತು. ಹೋದ ತಿಂಗಳ ಡಿಜಿಟಲ್ ಮಷೀನ್ ಬಂತು, ನನಗ ಬಿಲ್ಲಿನ ಖಿಡಕಿಗೆ ಕಳಿಸಿದ್ರು. ಮಷೀನಿಗೆ ಎಸಿ ಹಾಕ್ಯಾರ, ಗೊತ್ತದೇನು? ನನಗ ಹದಿನಾರು ವರ್ಷ ಬೀಸಣಿಕಿ! ಆದ್ರ ಸುಳ್ಳ್ಯಾಕ ಹೇಳ್ಲಿ... ಮಾತು ಬಾಜೂಕ ಕುಂತಂಗ ಕೇಳಸ್ತದ. ಮೊನ್ನಿ ನಮ್ಮ ತಂಗಿ ಬೀದರದಾಗ ಚಹಾ ಕುಡಿಯೋದು ಸುರ್ ಅಂತ ಕೇಳಿಸ್ತು.

ತಡಿ, ತಡಿ. ಮೊದಲ ನೀರು ಕುಡಿ. ಗಂಡಗ ಏನಂತಿ? ... "ನಾ ತವರು ಬಿಟ್ಟು ತಿರಗಿ ಬರಂಗಿಲ್ಲ"? ಒಂದು ಹೊಲಿಗಿ ಮಷೀನ್ ಸಲುವಾಗಿ? ... ಹೌದವ್ವಾ, ಹೌದು, ನಿನ್ನ ಮಷೀನ್. ನಿನ್ನ ಕೇಳದೇ ಮಾರಿ ಕಲರ್ ಟೀವಿ ತಂದದ್ದು ಅಮೋಘಸಿದ್ದನ ತಪ್ಪೇ. ಬೈ. ಛಂದಾಗಿ ಬೈ. ಆದ್ರ ಬರಂಗಿಲ್ಲ ಅನ್ನಬ್ಯಾಡ. ಸಿಟ್ಟಿನ್ಯಾಗ ಮಂದಿ ಏನೇನೋ ಅಂತಾರ. ಆರು ವರ್ಷದ ಹಿಂದ ಅವ ಫೋನಿನ್ಯಾಗ "ನಾ ಇನ್ನೊಂದು ಲಗ್ನ ಮಾಡ್ಕೊಂತೇನಿ" ಅಂದಿದ್ದಿಲ್ಲೇನು? ಮಾಡ್ಕೊಂಡನೇನು? ಮರುದಿನ ಮುಂಜಾನಿ ಜೇವರ್ಗಿ ಬಸ್ಸಿಳಿದು ನಿಮ್ಮವ್ವನ ಬಾಗಲದಾಗ...

ಏನು? ನನಗ ಹೆಂಗ ಗೊತ್ತಾತು ಅಂತಿ?

ನೀನೇ ಹೇಳಿದ್ದಿಯಲ್ಲ... ಹೇಳಿಲ್ಲೇನು? ಮತ್ತ ಯಾರೋ... ಹಂಗ ನೋಡಬ್ಯಾಡ ಬೇ.

ಹೌದು. ನೀ ಆ ಮಾತು ಕೇಳಿಲ್ಲ. ಅವ "ನಾ ಇನ್ನೊ..." ಅನ್ನೂದ್ರಾಗ ನಿನಗ ಲೈನ್ ಕಟ್ಟಾತು. ಕಟ್ಟಾಗಲಿಲ್ಲ ಶಿವಕಾಂತಾ, ನಾ ಕಿತ್ತಿದ್ದೆ. ನಿನ್ನ ಕಡಿ ವೈರ್ ಅಷ್ಟೇ. ಲಗ್ನದ ಮಾತು ಅವ ನನ್ನ ಕಿವ್ಯಾಗ ಅಂದ. ಆಮ್ಯಾಲೆ ನೀನೇ ಫೋನ್ ಇಟ್ಟಿ ಅಂತ ತಿಳಕೊಂಡ... "ಶಿವೂ, ಹಲೋ, ಶಿವೂ, ತಪ್ಪಾತು" ಅಂತ ಅಳಾಕತ್ತ. ನಾ ಉಸಿರು ಬಿಡಲಿಲ್ಲ.

ಕೇಳಬಾರದಿತ್ತು, ಗೊತ್ತದ. ಅವತ್ತೊಂದೇ ಅಲ್ಲ... ಎಲ್ಲಾರದೂ ಕೇಳ್ತಿದ್ದೆ. ಮೊದಲ ಲೈನ್ ಸರಿ ಅದನೋ ಇಲ್ಲೋ ಅಂತ ಕೇಳ್ತಿದ್ದೆ, ಆಮ್ಯಾಲೆ ಬಿಡಾಕ ಮನಸಾಗ್ತಿದ್ದಿಲ್ಲ. ಏನರ ಅನ್ನು. ಬೇಕಾದ್ರ ನನಗೂ ಬೈ...

ಎಲ್ಲಿ ಒತ್ತಾಕತ್ತಿ? ಹಾಂ, ಅದೇ ಕೆಂಪ ಗುಂಡಿ. ತಾನೇ ಮತ್ತ ಅದೇ ನಂಬರ್ ಹಚ್ಚತದ... ರಿಂಗಾತೇನು? ಈ ಮಷೀನ್ ಏನೂ ಕೀಳಂಗಿಲ್ಲ ಮತ್ತ, ನೀ ಅಂದದ್ದು ಅಂದಂಗೇ ಹೋಗ್ತದ.

ನಾ ಹೊರಗ ಕಟ್ಟಿ ಮ್ಯಾಲ ಕುಂದರ್ತೇನಿ. ... ಖರೇನೇ ಬೇ! ಹೋಗಾಕತ್ತೇನಿ. ಬಾಗಲಾ ಎಳಕೊಂಡೇ ಹೋಗ್ತೇನಿ.