ಮೋರಿಗೆ ಸುರಿದ ಬಿಸಿನೀರು

ಮೆಕ್ನೆಸ್ ಊರಿನ ದವಾಖಾನೆಯಲ್ಲಿ ಸರದಿ ಕಾಯುತ್ತಿದ್ದ ಮುದುಕಿ ತಾಮೂ ಪಕ್ಕದ ಬೆಂಚಿನ ಅಕ್ಕತಂಗಿಯರಿಂದ ಮುಖ ತಿರುಗಿಸಿಕೊಂಡಿದ್ದಳು, ಕಿವಿಯನ್ನಲ್ಲ. ತಂಗಿಯ ಮಡಿಲಲ್ಲಿ ಜ್ವರದ ಮಗು ನರಳುತ್ತಿತ್ತು.

“ಮೋರಿಗೆ ಕುದಿನೀರು ಸುರಿಯುವಾಗ ದೇವರ ಹೆಸರು ಹೇಳಿದ್ಯೇನೇ, ನಜಾತ್?”

“ಇಲ್ಲ ಅಕ್ಕ. ಬೇಕಂತಲೇ ಹೇಳಲಿಲ್ಲ.”

“ಅಯ್ಯೋ! ಆ ಹೆಸರು ಕೇಳಿದ್ರೆ ತಾನೇ ಕೆಳಗಿರೋ ಜಿನ್ನುಗಳು ಪಕ್ಕಕ್ಕೆ ಸರಿಯೋದು? ಮೈ ಸುಟ್ರೆ ಸುಮ್ನೆ ಬಿಡ್ತಾವಾ?”

“ಅಲ್ಲಿ ಯಾರೂ ಇಲ್ಲ. ಎಷ್ಟೋ ವರ್ಷ ಯೋಚನೆ ಮಾಡಿದೀನಿ. ಅಮ್ಮ ಹೆದರಿಸಿದ್ಲು, ನಾವು ಹೆದರಿದ್ವಿ, ಅಷ್ಟೇ. ನನ್ನ ಮಗು ಹಾಗೆ ಬೆಳೆಯೋದು ಬೇಡ.”

“ಸುರಿದ ದಿನವೇ ಜ್ವರ ಬಂತಲ್ಲ?”

“ಬಂತು.”

“ಈಗಲಾದ್ರೂ ನಂಬ್ತೀಯಾ?”

“ಇಲ್ಲ.”

“ಮತ್ಯಾಕೆ ಅಳ್ತೀಯೆ?”

“ನೀನಾಗಿದ್ರೆ ಮೋರಿಗೆ ಹಾಲು ಎರೆದು, ತಪ್ಪಾಯ್ತು ಅಂತ ಕೇಳ್ಕೊಂಡು ನಿರಾಳವಾಗಿರ್ತಿದ್ದೆ. ನಾನು ಯಾರ ಹತ್ರ ಕೇಳ್ಕೊಳ್ಳಲಿ, ಅಕ್ಕ?”

ಒಳಗಿನಿಂದ ನರ್ಸ್ ಮಗುವಿನ ಹೆಸರು ಕೂಗಿದಳು. ನಜಾತ್ ಮಗುವನ್ನು ಎದೆಗವಚಿಕೊಂಡು ಎದ್ದಳು.

“ನಿಮ್ಮನೇಗೆ ಹೋಗಿ ನಾನೇ ಹಾಲು ಎರೆದು ಬರ್ಲಾ?” ಅಕ್ಕ ಮೆಲ್ಲಗೆ ಕೇಳಿದಳು.

ಬೇಡ ಎನ್ನುತ್ತಾಳೆಂದು ತಾಮೂ ಕಾದಳು. ನಜಾತ್ ಚೀಲದಿಂದ ಮನೆಯ ಬೀಗದ ಕೈ ತೆಗೆದು, ಅಕ್ಕನ ಮುಖ ನೋಡದೆ ಅವಳ ಕೈಗಿಟ್ಟು ಒಳಗೆ ಹೋದಳು.