ಗಂಟೆ ಹೇಳದ ಕೆಲಸ

ವೇದಿಕೆಯ ಮೇಲಿರುವ ನಮ್ಮ ನಿದ್ರಾ ಸಂಶೋಧನಾಲಯದ ನಿರ್ದೇಶಕರೇ, ಮುಖ್ಯ ಅತಿಥಿಗಳೇ, ಮೂವತ್ತೊಂದು ವರ್ಷ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ನಮ್ಮ ಕಿಟಕಿಯಿಲ್ಲದ ಕೋಣೆಯಲ್ಲಿ ವಾರಗಟ್ಟಲೆ ಮಲಗೆದ್ದು ವಿಜ್ಞಾನಕ್ಕೆ ಉಪಕಾರ ಮಾಡಿದ ಸ್ವಯಂಸೇವಕರೇ, ಮತ್ತು ಸಭಿಕರೇ,

ನನ್ನ ನಿವೃತ್ತಿಯ ಈ ಸಭೆಯಲ್ಲಿ ಇದುವರೆಗೆ ಮಾತಾಡಿದವರೆಲ್ಲ ನನ್ನನ್ನು ಹೊಗಳಿದರು. ಯಾರ ಬಗ್ಗೆ ಹೇಳುತ್ತಿದ್ದಾರೆಂದು ನಾನು ಎರಡು ಸಲ ಹಿಂತಿರುಗಿ ನೋಡಿದೆ. ಹಿಂದೆ ಪರದೆ ಬಿಟ್ಟು ಯಾರೂ ಇರಲಿಲ್ಲ. ಕೊನೆಗೆ ನಿರ್ದೇಶಕರು ನನ್ನನ್ನು ಒಂದು ಮಾತೂ ಕೇಳದೆ, 'ಇವರನ್ನು ನಾವು ಬಿಡುವುದಿಲ್ಲ, ಇನ್ನೆರಡು ವರ್ಷ ಮುಂದುವರಿಸುತ್ತೇವೆ' ಎಂದು ಘೋಷಿಸಿಬಿಟ್ಟರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ. ಸ್ವಲ್ಪ ಸುತ್ತುಹಾಕಿ ಆ ಮಾತಿಗೆ ಬರುತ್ತೇನೆ, ಕ್ಷಮಿಸಬೇಕು.

ನನ್ನ ಕೆಲಸವಾದರೂ ಏನಾಗಿತ್ತು? ಒಳಗಿದ್ದವರಿಗೆ ಊಟ ಕೊಡುವುದು, ಹಾಸಿಗೆ ಬದಲಿಸುವುದು, ಮೈಯ ಬಿಸಿ ಅಳೆದು ಬರೆಯುವುದು, ಮತ್ತು ಗಂಟೆ ಎಷ್ಟಾಯಿತೆಂದು ಹೇಳದೇ ಇರುವುದು. ಈ ಕೊನೆಯದಕ್ಕೇ ನನಗೆ ಸಂಬಳ ಎಂದರೂ ತಪ್ಪಿಲ್ಲ. ಸೂರ್ಯನೂ ಇಲ್ಲ, ಗಡಿಯಾರವೂ ಇಲ್ಲ ಎಂದಾಗ ಮನುಷ್ಯನ ದೇಹ ಹಗಲು ರಾತ್ರಿಗಳನ್ನು ಹೇಗೆ ಎಣಿಸುತ್ತದೆ ಎಂಬುದೇ ನಮ್ಮ ಪರೀಕ್ಷೆ. ಒಳಗೆ ಹೋಗುವವನ ಮುಖ ನೋಡಿ ಅವರು ಹೊತ್ತು ಊಹಿಸಬಾರದು. ಹಾಗಾಗಿ ನಾನು ಒಂದು ದಿನ ಬೆಳಿಗ್ಗೆ ಗಡ್ಡ ಹೆರೆದರೆ ಇನ್ನೊಂದು ದಿನ ಸಂಜೆ ಹೆರೆಯಬೇಕು. ಕೈಗೆ ವಾಚಿಲ್ಲ. ಆಕಳಿಸುವಂತಿಲ್ಲ! ಆಕಳಿಕೆ ನುಂಗಿ ನುಂಗಿ ನನ್ನ ದವಡೆ ಎಷ್ಟು ಗಟ್ಟಿಯಾಗಿದೆಯೆಂದರೆ, ಹಲ್ಲಿನ ಡಾಕ್ಟರೇ ಆಶ್ಚರ್ಯಪಟ್ಟಿದ್ದಾರೆ. ಒಳಗೆ ಹೋದಾಗ ಹೇಳಬಹುದಾದ ಮಾತು ಒಂದೇ, ನಮಸ್ಕಾರ. ಅದರಲ್ಲಿ ಬೆಳಗೂ ಇಲ್ಲ, ಸಂಜೆಯೂ ಇಲ್ಲ.

ಅವರು ಗಂಟೆ ಕೇಳಿದರೆ? ಕೇಳೇ ಕೇಳುತ್ತಾರೆ. ಆಗ 'ನಿಮಗೇನನ್ನಿಸುತ್ತೆ?' ಎಂದು ತಿರುಗಿ ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಸ್ವಯಂಸೇವಕರಾಗಿ ಬಂದ ಒಬ್ಬ ಟೈಪಿಸ್ಟ್ ಇದ್ದರು, ಬಹಳ ಸಾಧು ಮನುಷ್ಯ. ಇಪ್ಪತ್ತನೆಯ ದಿನ ನನ್ನ ತೋಳು ಹಿಡಿದುಕೊಂಡು, "ಅಣ್ಣಾ, ಗಂಟೆ ಬೇಡ. ಹಗಲೋ ರಾತ್ರಿಯೋ ಅಷ್ಟು ಹೇಳಿಬಿಡಿ ಸಾಕು" ಎಂದರು. ನಾನು, 'ನಿಮಗೇನನ್ನಿಸುತ್ತೆ?' ಎಂದೆ. ಇಪ್ಪತ್ತೈದು ದಿನ ಇದ್ದು ಹೊರಬಂದವರು ಇಪ್ಪತ್ತನಾಲ್ಕೇ ಎಂದು ಜಗಳಕ್ಕೆ ನಿಂತರು. ಅವರ ಒಂದು ದಿನವನ್ನು ನಾವು ಕದ್ದಿರಲಿಲ್ಲ. ನಮ್ಮೊಳಗಿನ ಗಡಿಯಾರ ಇಪ್ಪತ್ತನಾಲ್ಕು ಗಂಟೆಗಿಂತ ತುಸು ನಿಧಾನ. ದಿನಾ ಬೆಳಿಗ್ಗೆ ಕಣ್ಣೊಳಗೆ ಬೀಳುವ ಬೆಳಕು ಅದನ್ನು ಎಳೆದು ಸರಿಮಾಡುತ್ತದೆ. ಬೆಳಕಿಲ್ಲದಿದ್ದರೆ ಅದು ತನ್ನಷ್ಟಕ್ಕೆ ಹಿಂದೆ ಬೀಳುತ್ತಾ ಹೋಗುತ್ತದೆ.

ಇದನ್ನು ನಿಮಗೆ ನಾನು ಹೇಳಬೇಕೆ? ನೀವೆಲ್ಲ ಓದಿದವರು. ಆದರೆ ನಾನು ಇದನ್ನು ಮನೆಯಲ್ಲೂ ಕಲಿಯಬೇಕಾಯಿತು.

ಎರಡು ವರ್ಷದ ಹಿಂದೆ ನನ್ನ ಹೆಂಡತಿಯ ಕಣ್ಣು ಪೂರ್ತಿ ಹೋಯಿತು. ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವಳು, ಒಂದು ದಿನವೂ ಮೊದಲ ಬೆಲ್ಲಿಗೆ ತಡವಾದವಳಲ್ಲ. ಅಂಥವಳು ಕಣ್ಣು ಹೋದ ಮೇಲೆ ದಿನಾ ಸ್ವಲ್ಪ ಸ್ವಲ್ಪ ತಡವಾಗಿ ಏಳತೊಡಗಿದಳು. ಕೆಲವು ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನ ಗಾಢ ನಿದ್ದೆ, ಸಂಜೆ ಎದ್ದು ಹಲ್ಲುಜ್ಜುವುದು! ಎದ್ದ ಕೂಡಲೆ ಕೇಳುತ್ತಿದ್ದಳು, "ಬೆಳಗಾಯ್ತೇನ್ರೀ?"

ಸಭಿಕರೇ, ನಾನು ಏನು ಹೇಳಿದೆ ಎಂದು ಊಹಿಸಬಲ್ಲಿರಾ? "ನಿನಗೇನನ್ನಿಸುತ್ತೆ?" ಎಂದೆ. ಬಾಯಿಗೆ ಬಂದದ್ದು ಅದೇ. ಅಷ್ಟಕ್ಕೇ ನಿಂತಿದ್ದರೆ ಅಭ್ಯಾಸಬಲ ಎಂದು ಬಿಡಬಹುದಿತ್ತು. ನಾನು ಒಂದು ನೋಟ್‌ಬುಕ್ ಇಟ್ಟೆ. ಅವಳು ಮಲಗಿದ್ದು, ಎದ್ದದ್ದು, ಕೇಳಿದ್ದು ಎಲ್ಲ ಬರೆದೆ. ನಾನು ಪಾಳಿಯಲ್ಲಿದ್ದಾಗ ಪಕ್ಕದ ಮನೆಯಾಕೆ ಬರೆದಿಡುತ್ತಿದ್ದರು. ಮೂರು ತಿಂಗಳಾದ ಮೇಲೆ ಗೆರೆ ಎಳೆದು ನೋಡಿದರೆ, ದಿನಕ್ಕೆ ನಲವತ್ತು ನಿಮಿಷದ ಲೆಕ್ಕದಲ್ಲಿ ಗೆರೆ ಓರೆಯಾಗಿ, ಅಂದವಾಗಿ ಇಳಿದಿತ್ತು. ಕಣ್ಣು ಹೋದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತವನೂ ನಾನೇ, ಆ ಗೆರೆ ನೋಡಿ ಹಿಗ್ಗಿದವನೂ ನಾನೇ. ಅದನ್ನು ತಂದು ನಿರ್ದೇಶಕರಿಗೆ ತೋರಿಸಿದೆ. ಅವರು, "ಬಹಳ ಚೆನ್ನಾಗಿದೆ, ಮುಂದುವರಿಸಿ" ಎಂದರು. ಅವರನ್ನು ದೂರುತ್ತಿಲ್ಲ. ಅದು ಯಾರದೆಂದು ನಾನು ಹೇಳಿರಲಿಲ್ಲ.

ಆ ದಿನ ಮನೆಗೆ ಹೋದಾಗ ಅವಳು ಆಗಷ್ಟೇ ಎದ್ದಿದ್ದಳು. ಅದೇ ಪ್ರಶ್ನೆ ಕೇಳಿದಳು. ನಾನು ಪುಟ ತಿರುವಿದ ಸದ್ದು ಕಿವಿಗೆ ಬಿತ್ತೆಂದು ಕಾಣುತ್ತದೆ.

"ಎಲ್ಲಾ ಬರ್ಕೋತೀರಿ. ನಂಗೆ ಮಾತ್ರ ಏನೂ ಹೇಳಲ್ಲ."

ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪ ಇದ್ದಿದ್ದರೆ ನಾನೂ ಒಂದು ಮಾತಾಡಿ ಜಾರಿಕೊಳ್ಳುತ್ತಿದ್ದೆ. ನೋಟ್‌ಬುಕ್ ಮುಚ್ಚಿ ಹೇಳಿದೆ, "ಸಂಜೆ ನಾಲ್ಕೂವರೆ. ಬಿಸಿಲು ಎದುರುಮನೆ ಗೋಡೆ ಮೇಲಿದೆ." ಅವಳು "ಹಾಗನ್ನಿ ಮತ್ತೆ!" ಎಂದು ಮುಖ ತೊಳೆಯಲು ಎದ್ದಳು. ಅತ್ತಿದ್ದು ನಾನು. ಅವಳಿಗೆ ಅದು ಕಾಣದು ಎಂಬ ಧೈರ್ಯದಿಂದ ಚೆನ್ನಾಗಿಯೇ ಅತ್ತೆ. ನಲ್ಲಿ ನಿಲ್ಲಿಸಿ, "ಮೂಗು ಒರೆಸ್ಕೊಳ್ಳಿ" ಎಂದಳು.

ಈಗ ಗಂಟೆ ಹೇಳುವ ಮೊಬೈಲ್ ಇದೆಯಲ್ಲ ಎಂದು ನೀವು ಕೇಳಬಹುದು. ಮನೆಯಲ್ಲೂ ಇದೆ. ಅವಳು ಹೇಳುತ್ತಾಳೆ, "ಮೈಯೆಲ್ಲಾ ರಾತ್ರಿ ಅಂತಿರುವಾಗ ಆ ಡಬ್ಬ ಬೆಳಗಾಯ್ತು ಅಂದ್ರೆ ನಂಬೋಕಾಗುತ್ತಾ? ಯಾರಾದ್ರೂ ಜೊತೆಗೆ ಏಳ್ಬೇಕು." ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ದಿನಾ ಒಂದೇ ಹೊತ್ತಿಗೆ ಮಾತ್ರೆ, ಒಂದೇ ಹೊತ್ತಿಗೆ ಏಳುವುದು, ನಡೆಯುವುದು, ಉಣ್ಣುವುದು. ಒಂದು ದಿನವೂ ತಪ್ಪಬಾರದು. ಹಾಗಾದರೆ ಒಳಗಿನ ಗಡಿಯಾರ ಒಗ್ಗಬಹುದು ಎಂದಿದ್ದಾರೆ, ಒಗ್ಗುತ್ತದೆ ಎಂದಿಲ್ಲ. ಪಾಳಿಯಲ್ಲಿ ದುಡಿಯುವವನು ದಿನಾ ಆರು ಗಂಟೆಗೆ ಮನೆಯಲ್ಲಿರುವುದು ಹೇಗೆ? ಇವತ್ತಿನವರೆಗೂ ತಪ್ಪುತ್ತಲೇ ಬಂದಿದೆ. ಮೂವತ್ತಾರು ದಿನಕ್ಕೊಮ್ಮೆ ಅವಳು ಒಂದು ಸುತ್ತು ಮುಗಿಸಿ ನಮ್ಮ ಹಗಲಿಗೆ ಬಂದು ಸೇರುತ್ತಾಳೆ. ಆ ನಾಲ್ಕೈದು ದಿನ ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ಆಮೇಲೆ ಮತ್ತೆ ದೂರವಾಗುತ್ತಾಳೆ, ಒಂದೇ ಮನೆಯೊಳಗೆ.

ಆದ್ದರಿಂದ ನಿರ್ದೇಶಕರೇ, ತಮ್ಮ ಪ್ರೀತಿಗೆ ತಲೆಬಾಗುತ್ತೇನೆ. ಆ ಎರಡು ವರ್ಷ ನನಗೆ ಬೇಡ. ನಾಳೆಯಿಂದ ಆರು ಗಂಟೆಗೆ 'ಬೆಳಗಾಯ್ತು, ಏಳು' ಎನ್ನುವ ಕೆಲಸ ಸಿಕ್ಕಿದೆ. ಅದರಲ್ಲಿ ರಜೆಯಿಲ್ಲ.

ಲೆಕ್ಕದ ಪ್ರಕಾರ ಇವತ್ತು ಅವಳ ಸುತ್ತಿನ ಇಪ್ಪತ್ಮೂರನೆಯ ದಿನ. ಎಂದರೆ ಅವಳ ಮೈಗೆ ಈಗ ರಾತ್ರಿ ಮೂರು ಗಂಟೆ. ಬರಬೇಡ, ಮಲಗು ಎಂದೆ. "ನಿಮ್ಮ ಭಾಷಣ ಕೇಳಿದ್ರೆ ಹೇಗೂ ನಿದ್ದೆ ಬರುತ್ತೆ, ಅಲ್ಲೇ ಮಲಗ್ತೀನಿ" ಎಂದವಳು, ನೋಡಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. ಒಂದು ಸಲವೂ ತೂಕಡಿಸಿಲ್ಲ. ಎರಡನೆಯ ಸಾಲಿನಲ್ಲಿ ನಮ್ಮ ಲೆಕ್ಕಪತ್ರದವರು ಆಗಲೇ ಎರಡು ಸಲ ತೂಕಡಿಸಿದ್ದಾರೆ.

ನೀವು ಪ್ರೀತಿಯಿಂದ ಕೊಟ್ಟ ಈ ಕೈಗಡಿಯಾರ ಕಟ್ಟಿಕೊಂಡಿದ್ದೇನೆ. ಈ ಕಟ್ಟಡದೊಳಗೆ ಮೂವತ್ತೊಂದು ವರ್ಷ ಹೇಳದ ಮಾತನ್ನು ಮೈಕಿನಲ್ಲಿ ಹೇಳುತ್ತಿದ್ದೇನೆ, ನಿಯಮ ಮುರಿದದ್ದಕ್ಕೆ ಕ್ಷಮೆಯಿರಲಿ. ಟೀಚರೇ, ಕೇಳಿಸಿಕೊಳ್ಳಿ. ಆರಕ್ಕೆ ಇಪ್ಪತ್ತು ನಿಮಿಷ ಇದೆ. ಸಂಜೆ. ಬಾಗಿಲಲ್ಲಿ ಇನ್ನೂ ಬಿಸಿಲಿದೆ. ನಡೆದೇ ಮನೆಗೆ ಹೋಗೋಣ.

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಋಣ ದೊಡ್ಡದು. ಎಲ್ಲರಿಗೂ ಧನ್ಯವಾದ, ಸಂಜೆಯ ನಮಸ್ಕಾರ.